ಬಲೆಯ ಆಚೆ ಕುರ್ಚಿ

ಸುಗಂಧಿ ಸೆರಗಿನ ಗಂಟು ಬಿಚ್ಚಿ ಒಂದು ಬೊಗಸೆ ಬಿಳಿ ಪ್ಲಾಸ್ಟಿಕ್ ಗುಂಡುಗಳನ್ನು ಯೋಗೀಶನ ಮೇಜಿನ ಮೇಲೆ ಸುರಿದಳು. ಅವು ಟಪಟಪನೆ ಉರುಳಿ ಗಂಗೊಳ್ಳಿಯ ಮರಳಿಗೆ ಬಿದ್ದವು.

“ಇದಿಷ್ಟ್ ಇವತ್ತ್ ಒಣ ಸಿಗಡಿ ಒಳ್ಗೆ ಹೆಕ್ಕಿದ್ದ್. ಬ್ರಹ್ಮಾವರದ ಗಿರಾಕಿ ಒಬ್ಳ್ ನಿನ್ನೆ ಚೀಲ ತಂದ್ ಬಿಸಾಡಿ ಹೋದ್ಲ್. ಅವ್ಳ ಗಂಡನ ಹಲ್ಲಿಗೆ ಸಿಕ್ಕಿತಂಬ್ರ್. ನಾನ್ ಎಂತ ಮಾರೂದ್ ಯೋಗೀಶ, ಮೀನಾ, ನಿನ್ನ ಗುಂಡಾ?”

ಕಡಲ ದಂಡೆಯಲ್ಲಿ ಯೋಗೀಶ ಆಟದ ಬಂದೂಕಿನ ಅಂಗಡಿ ಇಟ್ಟು ಎರಡು ತಿಂಗಳಾಗಿತ್ತು. ಪ್ಲಾಸ್ಟಿಕ್ ಗುಂಡು ಹಾರಿಸುವ ಎರಡು ಏರ್‌ಸಾಫ್ಟ್ ಬಂದೂಕು, ಹಗ್ಗಕ್ಕೆ ಕಟ್ಟಿದ ಖಾಲಿ ಡಬ್ಬಿಗಳು, ಅವುಗಳ ಹಿಂದೆ ಗುಂಡು ತಡೆಯಲು ಎರಡಾಳೆತ್ತರದ ಕಿರುಕಣ್ಣಿನ ಬಲೆ. ಬಲೆಯ ಆಚೆ ಸುಗಂಧಿ ಮೀನು ಒಣಗಿಸುವ ಜಾಗ. ಅವಳ ಅತ್ತೆಯೂ ಅಲ್ಲೇ ಒಣಗಿಸಿದವಳು.

“ಈ ಬಂದೂಕೇ ಹಾಂಗೆ ಅಕ್ಕ. ಯಾರ್ ಕೈಯಲ್ಲೂ ಸರಿ ಮಾಡೂಕೆ ಆತಿಲ್ಲೆ,” ಯೋಗೀಶ ಮೊಬೈಲಿನಿಂದ ತಲೆ ಎತ್ತದೆ ಹೇಳಿದ. “ನೀವ್ ಮೀನ್ ಹರ್ಗೂದ್ ಆಚೆ ಬದಿಗೆ ಮಾಡ್ಕಣಿ. ನಾಳೆ ಯಾರ್ದಾದ್ರೂ ಕಣ್ಣಿಗೆ ಬಿದ್ರೆ ನಿಮ್ಮನ್ನ್ ಎಬ್ಸಿ ಅಂತ ನಾನೇ ಪಂಚಾಯ್ತಿಗೆ ಹೇಳ್ಕಾತ್ತ್.”

ಆಚೆ ಬದಿ ಎಂದರೆ ಐಸ್ ಪ್ಲಾಂಟಿನ ನೀರು ಬಂದು ನಿಲ್ಲುವ ತಗ್ಗು. ಅಲ್ಲಿ ಮೀನು ಒಣಗುವುದಿಲ್ಲ, ಕೊಳೆಯುತ್ತದೆ.

ಪಕ್ಕದಲ್ಲಿ ಬಂದೂಕು ಒರೆಸುತ್ತಿದ್ದ ಗುಡ್ಡನ ಕೈ ನಿಂತಿತು. ಮೂವತ್ತು ವರ್ಷ ಬೋಟಿನ ಇಂಜಿನ್ ರಿಪೇರಿ ಮಾಡಿ, ಮೊಣಕಾಲು ಹೋದ ಮೇಲೆ ಈ ಅಂಗಡಿ ಸೇರಿದವನು ಅವನು. ಬೋಟಿನವರ ಕೈಗೆ ಒಂದು ಚಾಳಿ. ಉಪ್ಪುಗಾಳಿಗೆ ತುಕ್ಕು ಹಿಡಿಯದಿರಲಿ ಎಂದು ಕಂಡ ಕಬ್ಬಿಣಕ್ಕೆಲ್ಲ ಎಣ್ಣೆ ಬಿಡುವುದು. ಬಂದ ವಾರವೇ ಅವನು ಬಂದೂಕಿನ ನಳಿಗೆಗೂ ಎಣ್ಣೆ ಬಿಟ್ಟಿದ್ದ. ನಳಿಗೆಯ ಬುಡದಲ್ಲಿ ಉಗುರಿನಷ್ಟು ಗಾತ್ರದ ಒಂದು ರಬ್ಬರು ಇರುತ್ತದೆ, ಹಾಪ್‌ಅಪ್ ಎನ್ನುತ್ತಾರೆ. ಹಾದುಹೋಗುವ ಗುಂಡಿನ ನೆತ್ತಿಯನ್ನು ಅದು ಸವರಿ ಹಿಂದಕ್ಕೆ ಸುತ್ತಿಸುತ್ತದೆ. ಸುತ್ತುತ್ತ ಹೋದ ಗುಂಡು ಬೇಗ ಬೀಳದೆ ನೇರ ಸಾಗುತ್ತದೆ. ಎಣ್ಣೆ ತಾಗಿ ರಬ್ಬರು ಜಾರತೊಡಗಿದಾಗ ಗುಂಡುಗಳು ಅರ್ಧ ದಾರಿಗೇ ಬಿದ್ದವು. ಗುಡ್ಡ ಸ್ಕ್ರೂ ಬಿಗಿ ಮಾಡಿ ರಬ್ಬರನ್ನು ಇನ್ನಷ್ಟು ಒತ್ತಿಸಿದ. ದಿನ ಕಳೆದು ಎಣ್ಣೆ ಆರಿತು, ಬಿಗಿ ಹಾಗೇ ಉಳಿಯಿತು. ಈಗ ಗುಂಡುಗಳು ಮೇಲೇರಿ ಬಲೆ ಹಾರುತ್ತಿದ್ದವು.

ಇದೆಲ್ಲ ಹೊಳೆದ ಕೂಡಲೇ, ನಿನ್ನೆ ಸಂಜೆ, ಅವನು ಯೋಗೀಶನಿಗೆ ಹೇಳಿದ್ದ. ಯೋಗೀಶ ನಕ್ಕಿದ್ದ. “ಹಾಂಗೇ ಇರ್ಲಿ ಗುಡ್ಡಣ್ಣ. ಹತ್ತ್ ದಿನ ಬಿಟ್ರೆ ಅವ್ರೇ ಎದ್ದ್ ಹೋತ್ರ್. ಆ ಮೀನಿನ ವಾಸನೆಗೆ ಇಲ್ಲಿಗ್ ಬಪ್ಪವ್ರ್ ಮೂಗ್ ಮುಚ್ಕಂತ್ರ್.” ಗುಡ್ಡ ಆ ಮಾತನ್ನು ನುಂಗಿಕೊಂಡು ಮನೆಗೆ ಹೋಗಿದ್ದ. ನುಂಗಿದ್ದು ಇಳಿದಿರಲಿಲ್ಲ.

“ಯಾರ್ ಕೈಯಲ್ಲೂ ಆತಿಲ್ಲೆ ಅಂಬ್ದ್ ಸುಳ್ಳ್,” ಗುಡ್ಡ ಹೇಳಿದ. “ತಪ್ಪ್ ನಂದ್, ಸುಗಂಧಿ. ರಬ್ಬರಿಗೆ ಎಣ್ಣೆ ಬಿಟ್ಟದ್ದ್ ನಾನ್. ಒಂದ್ ಗಂಟೆ ಕೊಡ್.”

“ಬಿಚ್ಚೂದ್ ಬೇಡ ಅಂತ ನಿನ್ನೆಯೇ ಹೇಳಿದ್ದೆ,” ಯೋಗೀಶ ಎದ್ದು ನಿಂತ.

“ಹೇಳಿದ್ರಿ. ಕೇಳ್ದೆ.” ಅಷ್ಟರಲ್ಲಿ ಮೊದಲ ಸ್ಕ್ರೂ ಅವನ ಅಂಗೈಯಲ್ಲಿತ್ತು.

ಸರದಿಗಾಗಿ ನಿಂತಿದ್ದ ಗಿರಾಕಿಗಳು ಸುತ್ತ ನೆರೆದರು. ಗುಡ್ಡ ರಬ್ಬರನ್ನು ಹೊರಗೆಳೆದು ಸಾಬೂನು ನೀರಲ್ಲಿ ತಿಕ್ಕಿದ. ಮುರಿದ ಕೊಡೆಯ ಕಡ್ಡಿಗೆ ಹಳೇ ಲುಂಗಿಯ ಚೂರು ಸುತ್ತಿ ನಳಿಗೆಯೊಳಗೆ ಆಡಿಸಿದ, ಬಟ್ಟೆ ಎಣ್ಣೆಯ ಕಲೆಯಿಲ್ಲದೆ ಹೊರಬರುವ ತನಕ. ಜೋಡಿಸಿ, ಸ್ಕ್ರೂ ಪೂರ್ತಿ ಸಡಿಲಿಸಿ ಹೊಡೆದ. ಗುಂಡು ಅರ್ಧ ದಾರಿಯಲ್ಲಿ ಮರಳು ಸೇರಿತು. ಕಾಲು ಸುತ್ತು ತಿರುಗಿಸಿದ. ಗುಂಡು ಬಲೆಯ ಬುಡಕ್ಕೆ ಹೋಯಿತು. ಇನ್ನೊಂದು ಕಾಲು ಸುತ್ತು. ಡಬ್ಬಿ ಠಣ್ಣೆಂದಿತು. ಮತ್ತೆ ಹತ್ತು ಹೊಡೆದ. ಹತ್ತೂ ಅದೇ ದಾರಿ ಹಿಡಿದವು. ಎರಡನೆಯ ಬಂದೂಕಿಗೂ ಅವಸರವಿಲ್ಲದೆ ಅಷ್ಟೇ ಮಾಡಿದ.

“ಹತ್ತ್ ಸರಿ ಹೋಯ್ತ್,” ಎಂದ ಯೋಗೀಶ. “ಹನ್ನೊಂದನೇದ್ ದಾಟಿದ್ರೆ? ಬಲೆ ಆಚೆ ಮನುಷ್ಯರ್ ಕೂಕಂಬು ಹಾಂಗಿಲ್ಲೆ. ಅಷ್ಟೇ.”

ಯೋಗೀಶ ಬಿಟ್ಟೆದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಗುಡ್ಡ ಎತ್ತಿಕೊಂಡು, ಕುಂಟುತ್ತ ಬಲೆ ಬಳಸಿ ಹೋದ. ಸಿಗಡಿ ಹರಗಿದ ಚಾಪೆಗಳ ನಟ್ಟನಡುವೆ ಅದನ್ನಿಟ್ಟು, ಅಂಗಡಿಯ ಕಡೆ ಮುಖ ಮಾಡಿ ಕೂತ.

“ಹೊಡೀರಿ, ಯೋಗೀಶ್ರೇ.”

“ಮರ್ಳಾ ನಿಮ್ಗೆ? ಕಣ್ಣಿಗೆ ಕನ್ನಡಕ ಆದ್ರೂ ಹಾಕಣಿ.”

“ಇಷ್ಟ್ ದಿನ ಸುಗಂಧಿಗೆ ಕೊಟ್ಟಿದ್ರಾ?”

ಗಿರಾಕಿಗಳಲ್ಲೊಬ್ಬ ಕಿಸಕ್ಕೆಂದ. ಯೋಗೀಶನ ಮುಖ ಕೆಂಪೇರಿತು. ಬಂದೂಕು ಎತ್ತಿಕೊಂಡವನೇ ಒಳಗಿದ್ದ ಗುಂಡುಗಳನ್ನೆಲ್ಲ ಖಾಲಿ ಮಾಡಿದ. ಡಬ್ಬಿ ಕುಣಿಯಿತು, ಬಲೆ ನಡುಗಿತು. ಒಂದೂ ದಾಟಲಿಲ್ಲ. ಗುಡ್ಡ ರೆಪ್ಪೆ ಬಡಿಯಲಿಲ್ಲ, ಸಿಗಡಿಗೆ ಇಳಿದ ಕಾಗೆಯನ್ನು ಮಾತ್ರ ಕೈಬೀಸಿ ಅಟ್ಟಿದ.

“ನಾಳೆಯಿಂದ ನೀವ್ ಕೆಲ್ಸಕ್ಕೆ ಬಪ್ದ್ ಬೇಡ,” ಯೋಗೀಶ ಕೂಗಿದ.

“ಕೆಲ್ಸಕ್ಕೆ ಬಪ್ದಿಲ್ಲೆ,” ಗುಡ್ಡ ಕೂತಲ್ಲಿಂದಲೇ ಹೇಳಿದ. “ಕೂಕಂಬುಕೆ ಬತ್ತೆ. ಯಾರಾದ್ರೂ ಆ ಸ್ಕ್ರೂ ತಿರ್ಗ್ಸಿದ್ರೆ ಮೊದ್ಲ್ ನಂಗೇ ಗೊತ್ತಾತ್ತ್.”

ಸುಗಂಧಿ ಚಾಪೆಗಳ ಬಳಿ ಬಂದು ಬಗ್ಗಿ ಸಿಗಡಿ ಮಗುಚತೊಡಗಿದಳು. “ಹಾಂಗಾರೆ ಕುರ್ಚಿ ಇಲ್ಲೇ ಇರ್ಲಿ, ಯೋಗೀಶ.”

ಮರುದಿನ ಬೆಳಿಗ್ಗೆ ಮೊದಲ ಗಿರಾಕಿ ಬಂದೂಕು ಎತ್ತಿ ಒಂದು ಕಣ್ಣು ಮುಚ್ಚಿ ಗುರಿಯಿಟ್ಟ. ಡಬ್ಬಿಗಳ ಹಿಂದೆ, ಬಲೆಯ ಹಿಂದೆ, ಒಣಮೀನಿನ ನಡುವೆ, ಕೊಡೆ ಬಿಡಿಸಿ ಕೂತ ಒಬ್ಬ ಮುದುಕ ಅವನನ್ನೇ ನೋಡುತ್ತಿದ್ದ.