ಇಪ್ಪತ್ತಮೂರನೆಯ ಉಲ್ಲೇಖ

"ಇಪ್ಪತ್ಮೂರು ಸಿಗ್ತಾ ಇಲ್ಲ ಮೇಡಂ," ಎಂದರು ಅಕ್ತರ್, ಕಂಪ್ಯೂಟರಿನಿಂದ ಮುಖ ತಿರುಗಿಸದೆ. "ವರ್ಷ ಇಲ್ಲ, ಸಂಪುಟ ಇಲ್ಲ, ಪುಟ ಇಲ್ಲ. ಎಲ್ಲಿ ಅಂತ ಹುಡುಕ್ಲಿ?"

ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ ಪದ್ಮಶ್ರೀ ಪರದೆ ನೋಡುವ ಗೋಜಿಗೆ ಹೋಗಲಿಲ್ಲ. ಆ ಸಾಲು ಅವಳಿಗೆ ಬಾಯಿಪಾಠ. ಶಾಹಬಾಜ್ ಮತ್ತು ಪದ್ಮಶ್ರೀ, 'ಸೊಪ್ಪಿನ ದಾರಿ: ಹೊಲದಿಂದ ರಸೆಲ್ ಮಾರುಕಟ್ಟೆಗೆ', ಪ್ರಕಟವಾಗಲಿದೆ.

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಈ ಅಂಗಡಿಯಲ್ಲಿ ಅಕ್ತರ್ ಇಪ್ಪತ್ತು ವರ್ಷದಿಂದ ಮಾಡುತ್ತಿರುವುದು ಇದೇ ಕೆಲಸ. ಕಾಲೇಜು ಮೇಷ್ಟ್ರುಗಳು ಬರೆದ ಪ್ರಬಂಧದ ಕೊನೆಯ ಉಲ್ಲೇಖಪಟ್ಟಿಯನ್ನು ಪತ್ರಿಕೆಯವರು ಕೇಳಿದ ಕ್ರಮಕ್ಕೆ ತಂದು ಕೊಡುವುದು. ದೊಡ್ಡ ದೊಡ್ಡ ವಿಷಯಗಳನ್ನು ಲೀಲಾಜಾಲವಾಗಿ ಬರೆಯುವವರು ಎಲ್ಲಿ ಅಲ್ಪವಿರಾಮ, ಎಲ್ಲಿ ಓರೆ ಅಕ್ಷರ ಎಂಬಲ್ಲಿಗೆ ಬಂದಾಗ ತಲೆ ಕೆಡಿಸಿಕೊಂಡು ಇವರ ಮುಂದೆ ಕೂರುತ್ತಾರೆ. ಪದ್ಮಶ್ರೀಯ ಪ್ರಬಂಧ ಸಂಜೆ ಐದರೊಳಗೆ ಹೋಗಬೇಕಿತ್ತು. ಅಚ್ಚಾಗದ ಬರಹಗಳಿಗೆ ವಿವರ ಕೊಡಿ, ಇಲ್ಲವೇ ಪಟ್ಟಿಯಿಂದ ತೆಗೆಯಿರಿ ಎಂದು ಸಂಪಾದಕರು ಖಡಾಖಂಡಿತವಾಗಿ ಬರೆದಿದ್ದರು.

"ಅದು ಇನ್ನೂ ಬಂದಿಲ್ಲ ಅಕ್ತರ್ ಭಾಯ್."

"ಯಾವಾಗ ಬರತ್ತೆ?"

"ಒಂಬತ್ತು ವರ್ಷ ಆಯ್ತು."

ಅಕ್ತರ್ ಈಗ ತಿರುಗಿ ನೋಡಿದರು. "ಒಂಬತ್ ವರ್ಷದಿಂದ ಅಚ್ಚಾಗ್ತಾ ಇರೋ ಪೇಪರ್ ಯಾವ್ದು ಮೇಡಂ?"

ಬರೆದಿದ್ದರೆ ತಾನೇ ಅಚ್ಚಾಗುವುದು! ಕೆ.ಆರ್. ಪುರದ ಆಚೆ ಅವಳ ತಾತ ಮುನಿಆಂಜನಪ್ಪ ದಂಟು, ಮೆಂತ್ಯ ಬೆಳೆಯುತ್ತಿದ್ದರು. ಅಂಥ ಸೊಪ್ಪನ್ನು ರಸೆಲ್ ಮಾರುಕಟ್ಟೆಯಲ್ಲಿ ಕೂತು ಮಾರುತ್ತಿದ್ದವರು ಶಾಹಬಾಜ್‌ನ ಅಪ್ಪ. ಒಂದೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಇಬ್ಬರೂ ಹೊಲದ ಭಾಗ ಇವಳದು, ಮಾರುಕಟ್ಟೆಯ ಭಾಗ ಅವನದು ಎಂದು ಮಾತಾಡಿಕೊಂಡರು. ಎರಡು ವರ್ಷ ಜೊತೆಯಾಗಿ ಸುತ್ತಿದರು. ಟಿನ್ ಫ್ಯಾಕ್ಟರಿ ನಿಲ್ದಾಣದಲ್ಲಿ ಬಸ್ಸಿಗೆಂದು ನಿಂತು, ಬಂದ ಬಸ್ಸುಗಳನ್ನೆಲ್ಲ ಬಿಟ್ಟು ಮಾತಾಡಿದರು. ಬರೆಯುವುದಕ್ಕೆ ಮೊದಲೇ ಇಬ್ಬರೂ ತಮ್ಮ ಬೇರೆ ಪ್ರಬಂಧಗಳಲ್ಲಿ ಇದನ್ನು 'ಪ್ರಕಟವಾಗಲಿದೆ' ಎಂದು ಹಾಕಿಕೊಂಡೂ ಬಿಟ್ಟರು. ಬರೆಯಲು ಕೂತ ದಿನ ಎದ್ದಿತು ಜಗಳ: ಯಾರ ಹೆಸರು ಮೊದಲು? ಬೆಳೆಯದೆ ಮಾರುವುದೇನನ್ನು ಎಂದಳು ಇವಳು. ಕೊಳ್ಳುವವರಿಲ್ಲದೆ ಬೆಳೆಯುವುದ್ಯಾಕೆ ಎಂದ ಅವನು. ನಗುನಗುತ್ತ ಶುರುವಾದದ್ದು ಹಾಗೆ ಮುಗಿಯಲಿಲ್ಲ. ಮೊದಲ ಹೆಸರಿನವರಿಗೆ ಬಡ್ತಿಯಲ್ಲಿ ಹೆಚ್ಚು ಅಂಕವೆಂಬುದು ಇಬ್ಬರಿಗೂ ಗೊತ್ತಿತ್ತು. ಮುಂದಿನ ವರ್ಷ ಅವನು ಕಲಬುರಗಿಯ ಕಾಲೇಜಿಗೆ ಹೋದ. ಬಡ್ತಿ ಇಬ್ಬರಿಗೂ ಸಿಕ್ಕಿತು, ಬೇರೆ ಬೇರೆ ಪ್ರಬಂಧಗಳಿಂದ.

ಅವಳು ಮಾತ್ರ ಆ ಸಾಲನ್ನು ಬಿಡಲಿಲ್ಲ. ಏನು ಬರೆದರೂ ಅದಕ್ಕೊಂದು ಜಾಗ ಮಾಡುತ್ತಿದ್ದಳು. ಮೂರು ವರ್ಷದ ಹಿಂದೆ, ಯಾರಿಗೂ ಹೇಳದೆ, ತನ್ನ ಹೆಸರನ್ನು ಹಿಂದಕ್ಕೆ ಸರಿಸಿ ಅವನದನ್ನು ಮುಂದೆ ತಂದಳು. ಫೋನ್ ಮಾಡಿ ತಪ್ಪಾಯಿತು ಎನ್ನಬಹುದಿತ್ತು, ಬಿಗುಮಾನ ಬಿಡಲಿಲ್ಲ. ಎಲ್ಲಾದರೂ ಅವನ ಕಣ್ಣಿಗೆ ಬೀಳಲಿ ಎಂದು ಆಸೆಪಟ್ಟಳು. ಅವನಷ್ಟು ಚೆನ್ನಾಗಿ ಅವಳೊಡನೆ ವಾದ ಮಾಡಿದವರು ಆಮೇಲೆ ಯಾರೂ ಸಿಕ್ಕಿರಲಿಲ್ಲ. ಆ ವಾದಕ್ಕಾಗಿ ಅವಳ ಜೀವ ಹಂಬಲಿಸುತ್ತಿತ್ತು.

"ತೆಗ್ದುಬಿಡಿ," ಎಂದಳು.

"ಆಯ್ತು. ಮೂವತ್ತೊಂದಕ್ಕೂ ಪುಟ ಸಂಖ್ಯೆ ಇಲ್ಲ. ಅದಾದ್ರೂ ಬಂದಿದೆ ತಾನೇ?"

ಅದು ಬಂದಿತ್ತು. ಹೋದ ವರ್ಷ ಶಾಹಬಾಜ್ ಒಬ್ಬನೇ ಬರೆದದ್ದು. ಬರೀ ಸಾರಾಂಶ ಓದಿ ಪದ್ಮಶ್ರೀ ಅದನ್ನು ಪಟ್ಟಿಗೆ ಸೇರಿಸಿದ್ದಳು. ಹೀಗೆ ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿಗಳಿಗೆ ಅವಳು ಮಾಡುವ ಮಂಗಳಾರತಿ ಇಡೀ ಕಾಲೇಜಿಗೆ ಗೊತ್ತು. ಆದರೆ ಪೂರ್ತಿ ಓದುವ ಧೈರ್ಯ ಅವಳಿಗೇ ಬಂದಿರಲಿಲ್ಲ. ಓದುತ್ತ ಹೋದರೆ ಕೊನೆಗೆ ಅವನ ಉಲ್ಲೇಖಪಟ್ಟಿ ಸಿಗುತ್ತದೆ. ಅವನು ಅದರಿಂದ ತಮ್ಮಿಬ್ಬರ ಸಾಲನ್ನು ತೆಗೆದುಹಾಕಿದ್ದರೆ?

ಅಕ್ತರ್ ಪ್ರಬಂಧವನ್ನು ಹುಡುಕಿ ತೆರೆದರು. ಮೊದಲ ಪುಟದ ಸಂಖ್ಯೆ ಗುರುತು ಮಾಡಿಕೊಂಡು, ಕೊನೆಯ ಪುಟಕ್ಕಾಗಿ ಸರಸರನೆ ಕೆಳಗಿಳಿದರು. ಪದ್ಮಶ್ರೀ ಬೇಕೆಂದೇ ರಸ್ತೆಯ ಕಡೆ ಮುಖ ಮಾಡಿದಳು. ಹೊರಗೆ ಯಾರೋ ಆಟೊದವನೊಂದಿಗೆ ತಮಿಳಿನಲ್ಲಿ ಚೌಕಾಸಿ ಮಾಡುತ್ತಿದ್ದರು.

"ಅರೆ, ಇದೇನ್ ಮೇಡಂ? ನಿಮ್ಮ ಇಪ್ಪತ್ಮೂರು ಇಲ್ಲೂ ಇದೆ! ಪ್ರಕಟವಾಗಲಿದೆ ಅಂತಾನೇ ಇದೆ. ಆದ್ರೆ ಇಲ್ಲಿ ಪದ್ಮಶ್ರೀ ಮತ್ತು ಶಾಹಬಾಜ್ ಅಂತ ಹಾಕಿದಾರೆ. ನೀವು ಅವರ ಹೆಸ್ರು ಮುಂದೆ ಹಾಕಿದೀರಿ, ಅವ್ರು ನಿಮ್ದು ಹಾಕಿದಾರೆ. ಇಬ್ರಲ್ಲಿ ಒಬ್ರು ಎಡವಟ್ಟು ಮಾಡಿದೀರಿ."

ಅವಳು ಎದ್ದು ಬಂದು ಪರದೆಗೆ ಮುಖ ತಾಗುವಷ್ಟು ಹತ್ತಿರ ಬಗ್ಗಿ ಓದಿದಳು. ಇನ್ನೊಮ್ಮೆ ಓದಿದಳು. ಅಕ್ಷರ ಮಂಜಾಯಿತು. ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು.

"ಇಬ್ರೂ ಮಾಡಿದೀವಿ ಅಕ್ತರ್ ಭಾಯ್."

"ಹಂಗಾದ್ರೆ ಇಪ್ಪತ್ಮೂರನ್ನ ತೆಗೀಲಾ, ಬೇಡ್ವಾ? ನಾಲ್ಕೂವರೆ ಆಯ್ತು."

"ತೆಗೀರಿ. ಇದನ್ನ ಕಳ್ಸಿಬಿಟ್ಟು ಒಂದು ಹೊಸ ಫೈಲ್ ಮಾಡಿ. ಮೇಲ್ಗಡೆ 'ಸೊಪ್ಪಿನ ದಾರಿ' ಅಂತ ಹಾಕಿ."

ಐದಕ್ಕೆ ಹತ್ತು ನಿಮಿಷವಿರುವಾಗ ಪ್ರಬಂಧ ಹೋಯಿತು, ಇಪ್ಪತ್ತಮೂರನೆಯ ಸಾಲಿಲ್ಲದೆ. ಅಕ್ತರ್ ಖಾಲಿ ಹಾಳೆ ತೆರೆದು ಶೀರ್ಷಿಕೆ ಹೊಡೆದರು. "ಕೆಳಗೆ ಯಾರ ಹೆಸ್ರು ಮೊದ್ಲು ಹಾಕ್ಲಿ ಮೇಡಂ?"

ಪದ್ಮಶ್ರೀ ಆಗಲೇ ಫೋನಿನಲ್ಲಿ, ಒಂಬತ್ತು ವರ್ಷದಿಂದ ಅಳಿಸದೆ ಇಟ್ಟುಕೊಂಡಿದ್ದ ನಂಬರನ್ನು ಒತ್ತಿ ಕಿವಿಗಿಟ್ಟುಕೊಂಡಿದ್ದಳು.

"ಸ್ವಲ್ಪ ಇರಿ," ಎಂದಳು. "ಜಗಳ ಆಡಿ ಹೇಳ್ತೀನಿ."