ಅಕ್ಕನಿಗೆ ಎಚ್ಚರವಾದದ್ದು

ಆಪರೇಷನ್ ಮುಗಿದು ಎಷ್ಟೋ ಹೊತ್ತಾದರೂ ಅಕ್ಕ ಕಣ್ಣು ಬಿಡಲಿಲ್ಲ. ಮುಖದ ಸುಕ್ಕು ತೆಗೆಸಿಕೊಂಡು, ತಲೆ ತುಂಬ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದಳು. ಪಕ್ಕದ ಸ್ಟೂಲಿನ ಮೇಲೆ ಕೂತ ತಂಗಿಗೆ ಹೆದರಿಕೆ ಒಂದು ಪಾಲಾದರೆ ಸಿಟ್ಟು ಮೂರು ಪಾಲು.

ಮುಖವನ್ನಷ್ಟೇ ಮರಗಟ್ಟಿಸಿ ಒಂದಿಷ್ಟು ಮಂಪರು ಬರಿಸಿದರೆ ಸಾಕು, ಬೇಗ ಎದ್ದು ಓಡಾಡಬಹುದು ಎಂದು ಅರಿವಳಿಕೆ ಡಾಕ್ಟರು ಬಡಕೊಂಡಿದ್ದರು. ಅಕ್ಕ ಕೇಳಬೇಕಲ್ಲ! ಕತ್ತರಿ ಸದ್ದು ಕಿವಿಗೆ ಬೀಳಬಾರದು, ಪೂರ್ತಿ ಮಲಗಿಸಿಬಿಡಿ ಎಂದು ಹಟ ಹಿಡಿದಳು. ವಯಸ್ಸು ಕೇಳಿದ್ದಕ್ಕೆ ರೆಪ್ಪೆ ಮಿಟುಕಿಸದೆ ಐವತ್ತನಾಲ್ಕು ಎಂದಳು. ಅಷ್ಟಕ್ಕೇ ಬಿಟ್ಟಳೇ? ಪಕ್ಕದಲ್ಲಿದ್ದ ಅರವತ್ತೆರಡರ ತಂಗಿಯನ್ನು ತೋರಿಸಿ ಇವಳು ನಮ್ಮಕ್ಕ ಎಂದುಬಿಟ್ಟಳು. ಬಾಯಿ ಬಿಡಬಾರದೆಂದು ತಂಗಿಯಿಂದ ಮೊದಲೇ ಆಣೆ ಮಾಡಿಸಿಕೊಂಡಿದ್ದಳು.

ಡಾಕ್ಟರು ಮತ್ತೆ ಬಂದು ಅಕ್ಕನ ಭುಜ ತಟ್ಟಿದರು, ಹೆಸರು ಹಿಡಿದು ಕೂಗಿದರು. ಈ ವಯಸ್ಸಿನವರು ಇಷ್ಟು ಹೊತ್ತಿಗೆ ಏಳಬೇಕಿತ್ತಲ್ಲ ಎಂದು ಗೊಣಗಿದರು. ಅವರ ಹಣೆಯ ಮೇಲೆ ಬೆವರು ಕಂಡದ್ದೇ ತಂಗಿ ಸ್ಟೂಲು ಬಿಟ್ಟೆದ್ದಳು. ಆಣೆ ಹಾಳಾಗಿ ಹೋಗಲಿ ಎಂದುಕೊಂಡಳು.

“ಡಾಕ್ಟ್ರೇ, ಅವಳು ನನ್ನ ತಂಗಿ ಅಲ್ಲ, ಅಕ್ಕ. ಅರವತ್ತೆಂಟು ತುಂಬಿದೆ.”

ಡಾಕ್ಟರು ಹಣೆ ಚಚ್ಚಿಕೊಂಡರು. “ಅಲ್ಲಮ್ಮಾ, ವಯಸ್ಸು ನೋಡಿ ಔಷಧಿ ಕೊಡ್ತೀವಿ. ಊರಿಗೆಲ್ಲ ಸುಳ್ಳು ಹೇಳ್ಕೊಳ್ಳಿ, ನನಗಾದ್ರೂ ನಿಜ ಹೇಳಬಾರದಾ?” ಔಷಧಿ ಹೆಚ್ಚಾಗಿದೆ, ಇಳಿಯುವ ತನಕ ಕಾಯಬೇಕು, ಎದ್ದ ಮೇಲೂ ಬುದ್ಧಿ ನೆಟ್ಟಗಿದೆಯೋ ನೋಡಬೇಕು ಎಂದು ಅಲ್ಲೇ ಕುರ್ಚಿ ಎಳೆದುಕೊಂಡರು.

ದೀಪ ಹಾಕುವ ಹೊತ್ತಿಗೆ ಅಕ್ಕ ಮಿಸುಕಾಡಿದಳು. ತಂಗಿಯ ಕೈ ಹಿಡಿದು, “ಪುಟ್ಟೀ, ಜಡೆ ಹಾಕ್ತೀನಿ ಬಾರೇ, ಸ್ಕೂಲಿಗೆ ಹೊತ್ತಾಯ್ತು” ಎಂದು ತೊದಲಿದಳು. ಆ ಹೆಸರಿನಿಂದ ಅಕ್ಕ ಕರೆದು ಯಾವ ಕಾಲವಾಗಿತ್ತೋ! ತಂಗಿಗೆ ಅಳು ಒತ್ತಿಕೊಂಡು ಬಂತು. ಇವಳ ತಲೆಯೇ ಕೆಟ್ಟುಹೋಯಿತೇ ಎಂದು ಡಾಕ್ಟರ ಮುಖ ನೋಡಿದಳು.

ಇನ್ನಷ್ಟು ಹೊತ್ತಿಗೆ ಅಕ್ಕ ಕಣ್ಣು ಬಿಟ್ಟು ಸುತ್ತ ನೋಡಿದಳು. ಡಾಕ್ಟರು ಬಗ್ಗಿ ತಂಗಿಯ ಕಡೆ ಕೈ ತೋರಿಸಿದರು. “ಇವರು ಯಾರು, ಹೇಳಿ?”

ಅಕ್ಕ ಒಮ್ಮೆ ಡಾಕ್ಟರನ್ನು ನೋಡಿದಳು, ಒಮ್ಮೆ ತಂಗಿಯನ್ನು ನೋಡಿದಳು. “ನಮ್ಮಕ್ಕ.”

ಡಾಕ್ಟರ ಮುಖ ಸಪ್ಪಗಾಯಿತು. ತಂಗಿ ಅಂಗೈಯಿಂದ ಕಣ್ಣೊರೆಸಿಕೊಂಡು ಹಿಡಿದ ಕೈ ಕೊಡವಿದಳು.

“ಹೆದರಬೇಡಿ ಡಾಕ್ಟ್ರೇ. ಪೂರ್ತಿ ಎಚ್ಚರ ಆಗಿದೆ.”