ಎತ್ತಿನ ಹಣೆಗೆ ಮೂರು ಬೆರಳು

ಸಿಂಧನೂರಿನ ನಮ್ಮ ಮನೆಗೆ ಈಗ ಬಣ್ಣ ಬಳಿಯುತ್ತಿದ್ದಾರೆ. ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಆ ವಾಸನೆಗೆ ಹೈದರಾಬಾದಿನ ಒಂದು ಮಧ್ಯಾಹ್ನ ಕಣ್ಮುಂದೆ ಬರುತ್ತದೆ.

ನಮ್ಮ ಹಳ್ಳಿ ಗುರುಗುಂಟಾದಿಂದ ಮೊದಲ ಸಲ ಶಹರಕ್ಕೆ ಬಂದಿದ್ದ ಆಯಿಯನ್ನು, ಅಂದರೆ ತನ್ನ ತಾಯಿಯನ್ನು, ಅಪ್ಪ ಗೋಡೆಚಿತ್ರಗಳ ಓಣಿಗೆ ಕರೆದೊಯ್ದಿದ್ದ. ನಾನು ಆಯಿಯ ಸೆರಗು ಹಿಡಿದು ನಡೆಯುತ್ತಿದ್ದೆ. ಮೂಲೆಯಲ್ಲಿ ಹುಡುಗರು ಗಿಟಾರು ಬಾರಿಸುತ್ತ ಹಾಡುತ್ತಿದ್ದರು. ಆಯಿ ಅವರ ಮುಂದೆ ನಿಂತು, ಭಜನೆಗೆ ತಾಳ ಹಾಕುವಂತೆ ಚಪ್ಪಾಳೆ ತಟ್ಟಿದಳು. ಅವರು ಖುಷಿಯಾಗಿ ಅವಳ ತಾಳಕ್ಕೇ ಹಾಡತೊಡಗಿದರು.

ಮುಂದಿನ ಗೋಡೆಯ ಮೇಲೆ ಹುಡುಗಿಯೊಬ್ಬಳು ಆಳೆತ್ತರದ ನೀಲಿ ಎತ್ತು ಬಿಡಿಸುತ್ತಿದ್ದಳು. ಆಯಿ ಕೈಮುಗಿದಳು.

"ಬರೀ ಹಣಿಲೆ ನಿಂತಾನಲ್ಲೋ ಬಸವಣ್ಣ!" ಎಂದವಳೇ ಸಂಚಿಯಿಂದ ವಿಭೂತಿ ತೆಗೆದು, ಮೂರು ಬೆರಳಿಗೆ ಹಚ್ಚಿಕೊಂಡು, ಎತ್ತಿನ ಹಣೆಗೆ ಎಳೆದೇಬಿಟ್ಟಳು.

"ಯವ್ವಾ, ಬಣ್ಣ ಇನ್ನಾ ಹಸಿ ಐತಬೇ!" ಎಂದು ಅಪ್ಪ ಕೂಗುವಷ್ಟರಲ್ಲಿ ಚಿತ್ರದ ಮೇಲೆ ಮೂರು ಗೀರು ಬಿದ್ದಿದ್ದವು, ಆಯಿಯ ಬೆರಳೆಲ್ಲ ನೀಲಿಯಾಗಿದ್ದವು.

ಅಪ್ಪ ಉರ್ದುವಿನಲ್ಲಿ ಮಾಫಿ ಕೇಳಿದ. ಹುಡುಗಿ ಹಿಂದೆ ಸರಿದು ಎತ್ತನ್ನೊಮ್ಮೆ ನೋಡಿದಳು. ಅವಳು ನಕ್ಕು, ಬಿಳಿ ಬಣ್ಣದ ಡಬ್ಬಿಯನ್ನೇ ಆಯಿಯ ಮುಂದೆ ಹಿಡಿದಳು. ಆಯಿ ಈ ಸಲ ಸಾವಕಾಶವಾಗಿ, ಅದೇ ಗೀರುಗಳ ಮೇಲೆ ಮೂರು ಬಿಳಿ ಪಟ್ಟೆ ಎಳೆದಳು.

ಊರಿಗೆ ಮರಳುವಾಗ ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ "ಇನ್ನರ ಕೈ ತೊಳಕೋಬೇ" ಎಂದು ನೀರಿನ ಬಾಟಲಿ ಕೊಟ್ಟ. ಆಯಿ ಅದನ್ನು ಗಟಗಟ ಕುಡಿದು, ಖಾಲಿ ಬಾಟಲಿ ಅವನ ಕೈಗಿಟ್ಟಳು.

"ತೊಳಕೊಂಡ್ರ ಊರಾಗ ಯಾರು ನಂಬ್ತಾರ?"